ರೆಪ್ಪೆ ಮಗುಚಿ ನೋಡಿದೆ

ಮಂಗಳವಾರ ಕಣ್ಣಿನ ದಿನ. ಏಳು ಗಂಟೆಗೇ ಬಂದು, ಬಾಗಿಲು ತೆಗೆದು, ಕೈ ತೊಳೆದು, ಒರೆಸಿಕೊಳ್ಳುವ ಮೊದಲು ಹತ್ತೂ ಬೆರಳುಗಳನ್ನು ಕಿಟಕಿಯ ಬೆಳಕಿಗೆ ಚಾಚಿ ಹಿಡಿದು ನೋಡುವುದು ಮುಕೀಬಿಯ ಹಳೆಯ ಚಾಳಿ. ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತಾನೆ. ಅಷ್ಟರೊಳಗೆ ಬೆರಳು ನಡುಗಲಿಲ್ಲವೆಂದರೆ ಸರಿ, ದಿನ ಶುರುವಾಯಿತು. ಹನ್ನೊಂದು ವರ್ಷದಿಂದ ಈ ಆರೋಗ್ಯ ಕೇಂದ್ರದಲ್ಲಿ ಕಣ್ಣು ನೋಡುವವನು ಅವನೊಬ್ಬನೇ. ಡಾಕ್ಟರಲ್ಲ, ಕಣ್ಣಿನ ಕೆಲಸವನ್ನೇ ಬೇರೆಯಾಗಿ ಕಲಿತು ಬಂದವನು. ಆದರೂ ಸುತ್ತಲಿನ ಏಳೆಂಟು ಗುಡ್ಡಗಳ ಜನ ಮುಸಾವೊ ಎಂದೇ ಕರೆಯುತ್ತಾರೆ, ವೈದ್ಯನಿಗೆ ಕೊಡುವ ಮರ್ಯಾದೆಯನ್ನೇ ಕೊಡುತ್ತಾರೆ. ಇವತ್ತು ಎಣಿಕೆ ಆರಕ್ಕೆ ಬಂದಾಗ ಕಿಟಕಿಯಾಚೆ ಹಲಸಿನ ಮರದ ಕೆಳಗಿನ ಬೆಂಚಿನ ಮೇಲೆ ಹಳದಿ ಬಟ್ಟೆಯೊಂದು ಕಂಡಿತು. ಕಂಡಿತೋ ಇಲ್ಲವೋ, ಅದು ಯಾರ ತಲೆಯ ಮೇಲಿನದೆಂದು ಬುದ್ಧಿಗೆ ಹೊಳೆಯುವ ಮೊದಲೇ ಅವನ ಕತ್ತು ತಾನಾಗಿ ಆಚೆ ತಿರುಗಿಬಿಟ್ಟಿತು. ಹನ್ನೆರಡು ವರ್ಷದ ಸಂಸಾರ ಅವನ ಕತ್ತಿಗೆ ಅಷ್ಟು ಪಾಠ ಕಲಿಸಿತ್ತು. ಎಣಿಕೆ ತಪ್ಪಿತು. ಮತ್ತೆ ಒಂದರಿಂದ ಶುರುಮಾಡಲು ಧೈರ್ಯವಾಗದೆ ಅವನು ಕೈಗಳನ್ನು ಟವಲಿನಲ್ಲಿ ಮುಚ್ಚಿಕೊಂಡ.

ನಸ್ಸೂನ ಬಂದಿದ್ದಾಳೆ. ಹತ್ತೊಂಬತ್ತು ವರ್ಷದವಳು, ಟೀಚರ್ ಟ್ರೇನಿಂಗ್ ಓದುತ್ತಿರುವವಳು, ಮತ್ತು ಅವನ ಅತ್ತೆ. ನಗುವವರು ನಗಲಿ. ಅವನ ಹೆಂಡತಿ ಬಿರಾಬ್ವಳ ಅಜ್ಜ ಎಪ್ಪತ್ತು ದಾಟಿದ ಮೇಲೆ ಕೊನೆಯ ಹೆಂಡತಿಯಿಂದ ಪಡೆದ ಮಗಳು ಇವಳು. ಬಿರಾಬ್ವಳ ತಾಯಿಗೆ ತಂಗಿ, ಹಾಗಾಗಿ ಬಿರಾಬ್ವಳಿಗೆ ಚಿಕ್ಕಮ್ಮ, ಹಾಗಾಗಿ ಮುಕೀಬಿಗೆ ಚಿಕ್ಕತ್ತೆ. ಅತ್ತೆ ಎಂದಮೇಲೆ ವಯಸ್ಸು ಯಾರು ಕೇಳುತ್ತಾರೆ? ಅಳಿಯನಾದವನು ಅತ್ತೆಯ ಮುಖ ನೋಡಕೂಡದು, ಅವಳ ಕೈ ಸೋಕಕೂಡದು, ಅವಳು ಉಂಡ ತಟ್ಟೆ ಮುಟ್ಟಕೂಡದು. ದಾರಿಯಲ್ಲಿ ಎದುರಾದರೆ ಅವಳು ಬಾಳೆತೋಟದೊಳಗೆ ಸರಿಯುತ್ತಾಳೆ, ಇವನು ಸೈಕಲ್ ಇಳಿದು ಬೆನ್ನು ಮಾಡಿ ನಿಲ್ಲುತ್ತಾನೆ. ಹೆಣ್ಣಿನ ಮನೆಯಲ್ಲಿ ಒಪ್ಪಂದದ ದಿನ ಅತ್ತೆಯರೆಲ್ಲ ಚಾಪೆಯ ಮೇಲೆ ಸಾಲಾಗಿ ಕೂತಿದ್ದಾಗ ಆ ಸಾಲಿನ ತುದಿಯಲ್ಲಿ ಏಳು ವರ್ಷದ ಒಂದು ಮಗುವನ್ನೂ ಕೂರಿಸಿದ್ದರು. ಪದ್ಧತಿಯಂತೆ ಪ್ರತಿ ಅತ್ತೆಗೂ ಒಂದೊಂದು ಗೊಮೇಸಿ ಕೊಡಬೇಕು. ಭುಜದ ತುದಿ ಮೇಲೆದ್ದು ನಿಲ್ಲುವ, ಸೊಂಟಕ್ಕೆ ಅಗಲ ಪಟ್ಟಿ ಕಟ್ಟುವ ಹಿರಿಯ ಹೆಂಗಸರ ಆ ಉಡುಗೆಯನ್ನು ಮಗುವಿನ ಅಳತೆಗೆ ಹೊಲಿಸಲು ಮುಕೀಬಿ ದರ್ಜಿಯ ಹತ್ತಿರ ಮೂರು ಸಲ ಹೋಗಿದ್ದ. ದರ್ಜಿ ನಕ್ಕಿದ್ದ. ಇವನು ಮಂಡಿಯೂರಿ, ತಲೆ ತಗ್ಗಿಸಿ, ಬೊಂಬೆಯದೇನೋ ಎಂಬಂಥ ಆ ಹಳದಿ ಗೊಮೇಸಿಯನ್ನು ಚಾಪೆಯ ಮೇಲಿಟ್ಟಾಗ ನೆರೆದವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಮಗು ಮಾತ್ರ ನಗಲಿಲ್ಲ. ಮುಖ ಮುಚ್ಚಿಕೊಂಡು, ಹಿರಿಯಳ ದನಿ ಮಾಡಿಕೊಂಡು, 'ಚೆನ್ನಾಗಿ ಬಾಳಿ ಅಳಿಯಂದ್ರೇ,' ಎಂದಿತು. ಆ ದನಿ ಅವನಿಗೆ ಇವತ್ತಿಗೂ ಗೊತ್ತು. ಮುಖ ಗೊತ್ತಿಲ್ಲ.

ಹನ್ನೊಂದರವರೆಗೆ ಮೂವತ್ತು ಜನರನ್ನು ನೋಡಿದ. ಮುದುಕರ ಪೊರೆ, ಬೆಸುಗೆ ಹಾಕುವವನ ಕಣ್ಣಿಗೆ ಹಾರಿದ ಕಿಡಿ, ಶಾಲೆ ಮಕ್ಕಳ ತುರಿಕೆ. ಒಬ್ಬೊಬ್ಬರ ಗಲ್ಲ ಹಿಡಿದು, ರೆಪ್ಪೆಗೂದಲನ್ನು ಎರಡು ಬೆರಳಲ್ಲಿ ಹಿಡಿದು, ಕಡ್ಡಿ ಅಡ್ಡ ಇಟ್ಟು ರೆಪ್ಪೆಯನ್ನು ಮಗುಚುವುದು ಅವನಿಗೆ ಉಸಿರಾಡಿದಷ್ಟು ಸಲೀಸು. ಕಲಿಯಲು ಬರುವ ನರ್ಸಿಂಗ್ ಹುಡುಗಿಯರಿಗೆ ಅವನೇ ಹೇಳಿಕೊಡುತ್ತಿದ್ದ: ಹರೆಯದವರು, ಒಂದೇ ಕಣ್ಣು, ತಿಂಗಳುಗಟ್ಟಲೆ ಕೆಂಪು ಅಂದರೆ ಹನಿ ಬರೆಯುವ ಮೊದಲು ರೆಪ್ಪೆ ನೋಡಿ; ನೂರರಲ್ಲಿ ತೊಂಬತ್ತೊಂಬತ್ತು ಅಲರ್ಜಿ ಇರುತ್ತೆ, ನೂರನೆಯದು ರೆಪ್ಪೆಯಲ್ಲಿ ಅಡಗಿರುತ್ತೆ, ಆ ಒಂದಕ್ಕೋಸ್ಕರ ನಿಮಗೆ ಸಂಬಳ. ದೀಪದ ಬುಡದಲ್ಲಿ ಕತ್ತಲೆ ಅಂತ ಸುಮ್ಮನೆ ಅಂದಿಲ್ಲ ಹಿರಿಯರು. ನಡುನಡುವೆ ಅವನು ಕಿಟಕಿಯ ಕಡೆ ನೋಡದೆಯೇ ಬೆಂಚಿನ ಮೇಲೆ ಎಷ್ಟು ಜನ ಉಳಿದರೆಂದು ಲೆಕ್ಕ ಹಾಕುತ್ತಿದ್ದ. ಹಳದಿ ಬಟ್ಟೆಯ ಸರದಿ ಹತ್ತಿರ ಬರುತ್ತಿತ್ತು. ಅದೃಷ್ಟಕ್ಕೆ ಇವತ್ತು ಡಾಕ್ಟರ್ ಲಮುನು ಬಂದಿದ್ದಾಳೆ. ಮೂರು ತಿಂಗಳಿಗೊಮ್ಮೆ ರಾಜಧಾನಿಯಿಂದ ಬಂದು ಪೊರೆಯ ಆಪರೇಷನ್ ಮಾಡಿ ಸಂಜೆ ನಾಲ್ಕಕ್ಕೆ ವ್ಯಾನು ಹತ್ತುವವಳು. ಉತ್ತರದ ಅಚೋಲಿಯವಳು, ಇವನಿಗಿಂತ ಹತ್ತು ವರ್ಷ ಚಿಕ್ಕವಳು, ಇಲ್ಲಿಯ ಅತ್ತೆ ಅಳಿಯಂದಿರ ಗೊಡವೆ ಇಲ್ಲದವಳು. ನಸ್ಸೂನಳ ಚೀಟಿಯನ್ನು ಅವನು ನರ್ಸ್ ಪ್ರೊಸ್ಕೋವಿಯಳ ಕೈಗೆ ಕೊಟ್ಟು ಇದನ್ನು ಒಳಕೋಣೆಗೆ, ಡಾಕ್ಟರ ಹತ್ತಿರ ಕಳಿಸು ಎಂದ. ಪ್ರೊಸ್ಕೋವಿಯ ಹೆಸರು ಓದಿ, ಓಹೋ, ನಿಮ್ಮ ದೊಡ್ಡವರಲ್ವಾ ಎಂದು ಹುಬ್ಬು ಹಾರಿಸಿ ಹೋದಳು. ಮುಕೀಬಿ ಮುಂದಿನ ಚೀಟಿ ಎತ್ತಿಕೊಂಡ. ಆಗಲೇ ಮತ್ತೊಂದು ನೆನಪು ಚುಚ್ಚಿತು: ಮೂರು ತಿಂಗಳ ಹಿಂದೆ ಲಮುನು ಬಂದಿದ್ದಾಗಲೂ ಚಿಕ್ಕಮ್ಮನನ್ನ ತೋರಿಸಲಾ ಎಂದು ಬಿರಾಬ್ವ ಕೇಳಿದ್ದಳು. ಅಲರ್ಜಿಗೆಲ್ಲ ಡಾಕ್ಟ್ರು ಯಾಕೆ, ನಾನಿಲ್ವಾ ಎಂದಿದ್ದು ಇವನೇ.

ನಾನಿಲ್ವಾ. ಎಲ್ಲಿದ್ದ ಅವನು? ಎಂಟು ತಿಂಗಳ ಹಿಂದೆ ಮೊದಲ ಸಲ ನಸ್ಸೂನ ಎಡಗಣ್ಣು ಕೆಂಪಾಗಿದೆಯೆಂದು ಬಂದಾಗ ಅವಳು ಕೂತದ್ದು ಹಿತ್ತಲ ಅಡಿಗೆಮನೆಯಲ್ಲಿ, ಒಲೆಯ ಪಕ್ಕದಲ್ಲಿ. ಅವನು ಕೂತದ್ದು ಮುಂದಿನ ಕೋಣೆಯಲ್ಲಿ, ಸೋಫಾದ ಮೇಲೆ, ತೊಡೆಯ ಮೇಲೆ ಬೇಯಿಸಿದ ಬಾಳೆಕಾಯಿಯ ಮತೋಕೆ ಮತ್ತು ಶೇಂಗಾ ಸಾರಿನ ತಟ್ಟೆ. ನಡುವೆ ಗೋಡೆ, ಗೋಡೆಯಲ್ಲಿ ಅರ್ಧ ತೆರೆದ ಬಾಗಿಲು, ಬಾಗಿಲಲ್ಲಿ ಬಿರಾಬ್ವ. ತುರಿಕೆ ಇದೆಯಾ ಕೇಳು ಅಂದ. ಇದೆಯಂತೆ ಅಂದಳು. ಕೀವು? ಬೆಳಗ್ಗೆ ಸ್ವಲ್ಪ ಅಂಟಂತೆ. ಹಾಗಾದರೆ ಅಲರ್ಜಿ ಅಂದ. ಇಲ್ಲಿ ರೋಗಿಗಳು ತಮ್ಮ ಕಾಯಿಲೆಯ ಕಥೆಯನ್ನು ಶಾಲೆಯ ಕಾಪಿ ಪುಸ್ತಕದಲ್ಲಿ ಬರೆಸಿಕೊಂಡು ತಾವೇ ಇಟ್ಟುಕೊಳ್ಳುತ್ತಾರೆ. ಯಾವ ವೈದ್ಯರ ಹತ್ತಿರ ಹೋದರೂ ಅದೇ ಪುಸ್ತಕ. ಬಿರಾಬ್ವ ಆ ಪುಸ್ತಕವನ್ನು ತಂದು ಇವನ ಮುಂದೆ ಚಾಚಿದಳು. ಎಡಗೈಯಲ್ಲಿ ತಟ್ಟೆ ಹಿಡಿದುಕೊಂಡೇ ಬರೆದ. ಕಲಿಕೆಯ ಕಾಲದ ಮೇಷ್ಟ್ರು ಬೆತ್ತ ಬೀಸಿ ಕಲಿಸಿದ ಕ್ರಮ ಅದು: ದೃಷ್ಟಿ, ರೆಪ್ಪೆ, ಬಿಳಿ, ಕರಿ, ಔಷಧ; ಬರೆಯದಿದ್ದದ್ದು ಮಾಡದಿದ್ದ ಹಾಗೆ ಅನ್ನುತ್ತಿದ್ದರು. ಎರಡನೆಯ ಸಾಲು ಖಾಲಿ ಬಿಟ್ಟರೆ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು. ಪೆನ್ನು ನಿಲ್ಲಲಿಲ್ಲ. 'ರೆಪ್ಪೆ ಮಗುಚಿ ನೋಡಿದೆ, ಸ್ವಚ್ಛ' ಎಂದು ಬರೆದ. ಮೊದಲ ತಿಂಗಳು ಮುಲಾಮು, ಎರಡನೇ ತಿಂಗಳಿಂದ ಸ್ಟೆರಾಯ್ಡ್ ಹನಿ. ಆಮೇಲೆ ಇನ್ನೆರಡು ಸಲ ಅದೇ ಗೋಡೆ, ಅದೇ ಬಾಗಿಲು, ಅದೇ ಸಾಲು. ಹನಿ ಹಾಕಿದರೆ ನಾಲ್ಕು ದಿನ ಕೆಂಪು ಇಳಿಯುತ್ತಿತ್ತು, ಬಿಟ್ಟರೆ ಮತ್ತೆ ಏರುತ್ತಿತ್ತು. ಪುಸ್ತಕದ ಆ ಪುಟವನ್ನೇ ಔಷಧಿ ಅಂಗಡಿಯಲ್ಲಿ ತೋರಿಸಿ ಅವಳು ಮತ್ತೆ ಮತ್ತೆ ಹನಿ ತಂದುಕೊಂಡಳು. ಒಮ್ಮೆ ಬಿರಾಬ್ವ ರಾತ್ರಿ ಊಟದ ಹೊತ್ತಿಗೆ ಹೇಳಿದ್ದಳು, ಚಿಕ್ಕಮ್ಮನಿಗೆ ದೀಪದ ಸುತ್ತ ಬಣ್ಣದ ಬಳೆ ಕಾಣ್ತದಂತೆ, ಎಡಗಡೆ ಇಟ್ಟ ಲೋಟ ಕೈತಾಗಿ ಬೀಳಿಸ್ತಾಳಂತೆ. ಅವನು ಅಗಿಯುವುದನ್ನು ಒಂದು ಗಳಿಗೆ ನಿಲ್ಲಿಸಿದ್ದ. ಅದರ ಅರ್ಥ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ, ಹೋಗ್ತದೆ ಬಿಡು ಎಂದು ಅಗಿಯುವುದನ್ನು ಮುಂದುವರಿಸಿದ್ದ.

ಒಳಕೋಣೆಯಿಂದ ಲಮುನು ಕರೆದಳು. ಮುಕೀಬಿ ಅವ್ರೇ, ಬನ್ನಿ, ನಿಮಗೆ ಇಷ್ಟವಾಗುವಂಥದ್ದೊಂದು ಸಿಕ್ಕಿದೆ ಎಂದಳು. ಅಪರೂಪದ್ದೇನು ಸಿಕ್ಕರೂ ಕರೆದು ತೋರಿಸುವುದು ಅವಳ ಒಳ್ಳೆಯ ಗುಣ. ಅವನು ಬಾಗಿಲ ಹತ್ತಿರವೇ ನಿಂತ. ಗಲ್ಲ ಊರಿ, ಹಣೆ ಒತ್ತಿ ಕೂರುವ ಯಂತ್ರದ ಮುಂದೆ ಹಳದಿ ಬಟ್ಟೆಯ ಬೆನ್ನು ಕಾಣುತ್ತಿತ್ತು. ಬಟ್ಟೆ ತಲೆಯಿಂದ ಜಾರಿ ಹೆಗಲಿಗೆ ಬಿದ್ದಿತ್ತು, ಕುತ್ತಿಗೆಯ ಮೇಲೆ ಸಣ್ಣಗೆ ಹೆಣೆದ ಕೂದಲು. ಅವನು ನೆಲ ನೋಡಿದ. ಲಮುನು ಯಂತ್ರದೊಳಗೆ ಕಣ್ಣಿಟ್ಟುಕೊಂಡೇ ಮಾತಾಡಿದಳು: ಮೇಲಿನ ರೆಪ್ಪೆಯ ಅಂಚಿನಲ್ಲಿ, ಕೂದಲಿನ ಬುಡದಲ್ಲಿ ರಾಗಿಕಾಳಿನಷ್ಟು ಗುಳ್ಳೆ, ನಡುವೆ ಹೊಕ್ಕುಳಿನಂತೆ ತಗ್ಗು. ಅದರೊಳಗೆ ವೈರಾಣು. ದಿನಾ ಸ್ವಲ್ಪಸ್ವಲ್ಪವಾಗಿ ಕಣ್ಣಿಗೆ ಉದುರುತ್ತೆ, ಕಣ್ಣು ಕೆಂಪಾಗುತ್ತೆ, ಯಾವ ಹನಿಗೂ ಬಗ್ಗಲ್ಲ. ಕೆರೆದು ತೆಗೆದರೆ ಹದಿನೈದು ದಿನದಲ್ಲಿ ಮಾಯ. ಇಂಥವು ಮೈಮೇಲೆ ತುಂಬ ಇದ್ದರೆ ಎಚ್‌ಐವಿ ಇದೆಯಾ ಅಂತ ರಕ್ತ ನೋಡಬೇಕು. ಇವಳಿಗೆ ಇರೋದು ಒಂದೇ, ಆದರೂ ಬೆರಳು ಚುಚ್ಚಿ ನೋಡಿದೆ, ಏನೂ ಇಲ್ಲ. ಇಷ್ಟು ಹೇಳಿ ಅವಳು ಕಣ್ಣಿನ ಒತ್ತಡ ಅಳೆಯಲು ಶುರುಮಾಡಿದಳು, ಮತ್ತು ಅವಳ ದನಿ ಬದಲಾಯಿತು. ಎರಡನೇ ಸಲ ಅಳೆದಳು. ಬೆಳಕು ಹಾಕಿ ಒಳಗಿನ ನರ ನೋಡಿದಳು, ತುಂಬ ಹೊತ್ತು. ಬಲಗಣ್ಣು ಹದಿನಾಲ್ಕು, ಎಡಗಣ್ಣು ನಲವತ್ತಾರು ಎಂದಳು. ನರ ತೋಡಿ ಹೋಗಿದೆ ಎಂದಳು. ಗುಳ್ಳೆ ಇವಳ ಕಣ್ಣು ತಿನ್ನಲಿಲ್ಲ, ಒತ್ತಡ ಏರಿಸೋ ಆ ಸ್ಟೆರಾಯ್ಡ್ ಹನಿ ತಿಂತು.

ಮುಕೀಬಿಗೆ ಚಿಕ್ಕಪ್ಪನೊಬ್ಬ ಇದ್ದ. ಮಳೆ ಜೋರಾಗಿ ಜವುಗು ಉಕ್ಕಿದ ವರ್ಷ, ಆಪು ಹುಲ್ಲಿನ ನಡುವಿನ ಕಾಲುದಾರಿಯಲ್ಲಿ ಅವನ ಅತ್ತೆ ಕಾಲು ಜಾರಿ ಎದೆಮಟ್ಟ ಕೆಸರಿಗೆ ಬಿದ್ದಳಂತೆ. ಸುತ್ತ ಯಾರೂ ಇರಲಿಲ್ಲ. ಚಿಕ್ಕಪ್ಪ ಅವಳ ಮುಂಗೈ ಹಿಡಿದು ಎಳೆದು ಹಾಕಿದ. ಅವಳು ಬದುಕಿದಳು, ಇನ್ನೂ ಮೂವತ್ತು ವರ್ಷ ಬದುಕಿದಳು. ಚಿಕ್ಕಪ್ಪನಿಗೆ ಐವತ್ತೈದಕ್ಕೆ ಬಲಗೈ ನಡುಗಲು ಶುರುವಾಯಿತು. ಚಹಾದ ಲೋಟ ಬಾಯಿಗೆ ಮುಟ್ಟುವಷ್ಟರಲ್ಲಿ ಅರ್ಧ ಚೆಲ್ಲುತ್ತಿತ್ತು. ಜನರ ಮುಂದೆ ಕೂತರೆ ಆ ಕೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಳ್ಳುತ್ತಿದ್ದ. ಊರಿಗೆ ಊರೇ ಹೇಳಿತು, ಅತ್ತೆಯನ್ನು ಮುಟ್ಟಿದವನಿಗೆ ಬರುವ ನಡುಕ, ಒಬುಕೊ, ಅದಕ್ಕೆ ಮದ್ದಿಲ್ಲ. ಮುಂದೆ ಮುಕೀಬಿ ಪುಸ್ತಕದಲ್ಲಿ ಆ ನಡುಕದ ಚಿತ್ರ ನೋಡಿದ, ಮೆದುಳಿನ ಯಾವ ಮೂಲೆ ಒಣಗಿದರೆ ಅದು ಬರುತ್ತದೆಂದು ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದ. ತಲೆ ಒಪ್ಪಿತು, ಬೆರಳು ಒಪ್ಪಲಿಲ್ಲ. ಅವನ ಅನ್ನ ಈ ಬೆರಳುಗಳಲ್ಲಿತ್ತು. ಸಣ್ಣವನಿದ್ದಾಗ ಅಜ್ಜಿಯನ್ನು ಕೇಳಿದ್ದ, ಹಾಗಾದ್ರೆ ಚಿಕ್ಕಪ್ಪ ಅವರನ್ನ ಮುಳುಗೋಕೆ ಬಿಡಬೇಕಿತ್ತಾ ಎಂದು. ಅಜ್ಜಿ ಬಾಳೆಕಾಯಿ ಸುಲಿಯುತ್ತಾ, ತಲೆ ಎತ್ತದೆ ಹೇಳಿದ್ದಳು: 'ಹಿಡಿದದ್ದೂ ಸರಿ ಮಗಾ. ನಡುಕ ಬಂದದ್ದೂ ಸರಿ. ಗಂಡಸಾದವನು ಎರಡನ್ನೂ ಹೊರಬೇಕು.' ಆ ಮಾತು ಅವನಿಗೆ ಆಗ ಅರ್ಥವಾಗಿರಲಿಲ್ಲ. ಆಮೇಲೂ ಅರ್ಥ ಮಾಡಿಕೊಳ್ಳುವ ಗೋಜಿಗೆ ಹೋಗಿರಲಿಲ್ಲ.

ಲಮುನು ಕಾಪಿ ಪುಸ್ತಕ ತೆರೆದಳು. ಹಾಳೆ ತಿರುವುವ ಸದ್ದಿಗೆ ಅವನ ಕಿವಿ ಕಾದ ಕಬ್ಬಿಣದಂತಾಯಿತು. ಅವಳು ಗಟ್ಟಿಯಾಗಿ ಓದಿದಳು, ರೆಪ್ಪೆ ಮಗುಚಿ ನೋಡಿದೆ, ಸ್ವಚ್ಛ. ಮುಂದಿನ ಪುಟ, ರೆಪ್ಪೆ ಮಗುಚಿ ನೋಡಿದೆ, ಸ್ವಚ್ಛ. ಅದರ ಕೆಳಗೆ ಪೇಟೆಯ ಕಣ್ಣಾಸ್ಪತ್ರೆಯ ಮೊಹರು: ಹಿಂದಿನ ಪರೀಕ್ಷೆಯಲ್ಲಿ ರೆಪ್ಪೆ ಸರಿಯಿದೆ, ಅದೇ ಹನಿ ಮುಂದುವರಿಸಿ. ಅಂದರೆ ಅವಳು ಅಲ್ಲಿಯವರೆಗೂ ಹೋಗಿದ್ದಳು. ಅಲ್ಲಿಯೂ ಯಾರೋ ಅವಸರದಲ್ಲಿದ್ದವರು ಇವನ ಅಕ್ಷರವನ್ನು ನಂಬಿ, ಕಣ್ಣನ್ನು ಬಿಟ್ಟು ಪುಸ್ತಕ ನೋಡಿ ಕಳಿಸಿದ್ದರು. ಮುಕೀಬಿಗೆ ಇದು ಗೊತ್ತಿರಲಿಲ್ಲ. ತಾನು ಬರೆದ ಒಂದು ಸುಳ್ಳು ಬಸ್ಸು ಹತ್ತಿ ಪೇಟೆಗೆ ಹೋಗಿ, ತನ್ನ ಪರವಾಗಿ ಸಾಕ್ಷಿ ಹೇಳಿ ಬಂದಿದೆ. ಬಾಗಿಲ ಚೌಕಟ್ಟು ಹಿಡಿದುಕೊಂಡ.

'ಯಾರಮ್ಮಾ ಇದನ್ನ ಬರೆದದ್ದು?' ಎಂದು ಲಮುನು ಕೇಳಿದಳು.

ಅವನು ಬಾಯಿ ತೆರೆದ. ತೆರೆದದ್ದು ನಿಜ, ಆಮೇಲೆ ಎಷ್ಟೋ ಸಲ ಅದನ್ನು ತನಗೆ ತಾನೇ ಹೇಳಿಕೊಳ್ಳಬೇಕೆಂದು ಆಗಲೇ ಅನಿಸಿತು, ಅಷ್ಟು ನಾಚಿಕೆಗೆಟ್ಟ ಮನಸ್ಸು. ಆದರೆ ಮಾತಾಡಿದ್ದು ಹಳದಿ ಬಟ್ಟೆಯ ಬೆನ್ನು.

'ಗೊತ್ತಿಲ್ಲ ಡಾಕ್ಟ್ರೇ,' ಎಂದಿತು ಅದು. 'ಆವಾಗ ಇಲ್ಲಿ ಬೇರೆ ಯಾರೋ ಇದ್ರು.'

ಲಮುನು ಅಕ್ಷರವನ್ನು ನೋಡಿದಳು, ಮತ್ತೆ ಮುಕೀಬಿಯನ್ನು ನೋಡಿದಳು. ಅವಳಿಗೆ ಗೊತ್ತಾಯಿತೋ ಇಲ್ಲವೋ, ಅವನಿಗೆ ತಿಳಿಯಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅವನ ಕೈ ತಾನಾಗಿ ಅಂಗಿಯ ಜೇಬಿನ ಪೆನ್ನಿನ ಮೇಲೆ ಹೋಗಿತ್ತು. ಲಮುನು ತಾರೀಖುಗಳತ್ತ ನೋಡದೆಯೇ, ನೀವು ತರಬೇತಿಗೆ ಹೋದಾಗ ಬದಲಿಗೆ ಬಂದಿದ್ದ ಆ ಹುಡುಗ, ಸೆನ್ಯೊಂಗ, ಅವನೇ ಇರಬೇಕು ಎಂದಳು. ಸಂಜೆ ಹೋಗುವ ಮೊದಲು ಅವನ ಮೇಲೆ ಬರೆದು ಕಳಿಸುತ್ತೇನೆ, ಇಂಥವರ ಕೈಗೆ ಕಣ್ಣು ಕೊಡಬಾರದು ಎಂದಳು. ಹೊಸ ಹನಿ ಮತ್ತು ಮಾತ್ರೆ ಬರೆದು, ವಾರದೊಳಗೆ ರಾಜಧಾನಿಗೆ ಬರಬೇಕೆಂದು ಹೇಳಿ, ಎದ್ದಳು. ಗುಳ್ಳೆ ನೀವು ತೆಗೆದುಬಿಡಿ, ಐದು ನಿಮಿಷದ ಕೆಲಸ, ನನಗೆ ಒಳಗೆ ಎಂಟು ಪೊರೆ ಕಾಯುತ್ತಿವೆ. ಅವಳ ಚಪ್ಪಲಿಯ ಸದ್ದು ಆಪರೇಷನ್ ಕೋಣೆಯ ಕಡೆ ದೂರವಾಯಿತು. ಸೆನ್ಯೊಂಗ ಮೂರೇ ವಾರ ಇದ್ದ. ಒಳ್ಳೆಯ ಹುಡುಗ, ಪ್ರತಿಯೊಬ್ಬರ ರೆಪ್ಪೆಯನ್ನೂ ಎರಡೆರಡು ಸಲ ಮಗುಚುತ್ತಿದ್ದ, ಅದಕ್ಕೇ ಸಾಲು ಸಂಜೆಯಾದರೂ ಕರಗುತ್ತಿರಲಿಲ್ಲವೆಂದು ಪ್ರೊಸ್ಕೋವಿಯ ಗೊಣಗಿದ್ದಳು. ಆ ಮೂರು ವಾರದಲ್ಲಿ ನಸ್ಸೂನ ಅವನ ಹತ್ತಿರ ಬಂದಿದ್ದರೆ ಎಂದು ಮುಕೀಬಿ ಯೋಚಿಸಿದ. ಮನೆಯ ವೈದ್ಯ ಬರುವ ತನಕ ಕಾಯೋಣ ಅಂತ ಅವಳನ್ನು ತಡೆದದ್ದು ಬಿರಾಬ್ವ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಮಾತು ತನ್ನ ಹೆಂಡತಿಗೆ ಯಾಕೆ ಹೊಳೆಯಲಿಲ್ಲವೋ ಎಂದು ಅವಳ ಮೇಲೆ ಸಿಟ್ಟು ಬಂತು. ಸಿಟ್ಟು ನಿಲ್ಲಲು ಜಾಗ ಸಿಗದೆ ತನ್ನ ಮೇಲೇ ಬಂದು ಕೂತಿತು.

ಪ್ರೊಸ್ಕೋವಿಯ ಟ್ರೇ ಸಜ್ಜು ಮಾಡಿದಳು. ಸೂಜಿ, ಪುಟ್ಟ ಚಮಚದಂಥ ಸಲಕರಣೆ, ಹತ್ತಿ. ನಾಳೆ ಮಾಡೋಣ ಎನ್ನಬಹುದಿತ್ತು. ಕೈ ನೋವೆನ್ನಬಹುದಿತ್ತು. ಪ್ರೊಸ್ಕೋವಿಯಳಿಗೆ ಇದು ಬರುವುದಿಲ್ಲ, ಬರುತ್ತಿದ್ದರೆ ಅವಳ ಕೈಗೇ ಕೊಟ್ಟುಬಿಡುತ್ತಿದ್ದ. ನಸ್ಸೂನ ಹಾಸಿಗೆಯ ಮೇಲೆ ಮಲಗಿದ್ದಳು, ಪಾದ ಜೋಡಿಸಿಕೊಂಡು. ಅವನು ಗೋಡೆಗೆ ಮುಖ ಮಾಡಿ ಕೈಗವಸು ಹಾಕಿಕೊಂಡ, ಆಪರೇಷನ್ನಿನ ಹಸಿರು ಬಟ್ಟೆ ಮುಚ್ಚು ಎಂದ. ನಡುವೆ ತೂತಿರುವ ಬಟ್ಟೆ ಅದು. ಮುಖವೆಲ್ಲ ಮುಚ್ಚಿ ಒಂದು ಕಣ್ಣಷ್ಟೇ ಹೊರಗೆ ಕಾಣುತ್ತದೆ. ಇಂಥ ಸಣ್ಣ ಕೆಲಸಕ್ಕೂ ಅದು ಬೇಕಾ ಎನ್ನುತ್ತಲೇ ಪ್ರೊಸ್ಕೋವಿಯ ಅದನ್ನು ಹಾಸಿದಳು. ಬಟ್ಟೆ ಮುಚ್ಚಿದ ಮೇಲೆ ತಿರುಗಿದ. ಮುಖವಿರಲಿಲ್ಲ. ಹಸಿರು ಬಟ್ಟೆಯ ತೂತಿನಲ್ಲಿ ಕೆಂಪು ಕಣ್ಣೊಂದು, ನೀರು ತುಂಬಿ, ಚಾವಣಿ ನೋಡುತ್ತಿತ್ತು. ಇದು ಬರೀ ಕಣ್ಣು, ಮುಖವಲ್ಲ, ಅತ್ತೆಯಲ್ಲ, ಯಾರದೂ ಅಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಕೈಗವಸಿದೆ, ಚರ್ಮಕ್ಕೆ ಚರ್ಮ ತಾಗುವುದಿಲ್ಲ ಎಂದೂ ಹೇಳಿಕೊಂಡ. ಹಿರಿಯರ ಜೊತೆ ವಕೀಲನಂತೆ ಒಳಗೊಳಗೇ ವಾದಿಸುತ್ತಾ ಬಗ್ಗಿದ.

'ಬಟ್ಟೆ ತೆಗೀರಿ ಅಳಿಯಂದ್ರೇ,' ಎಂದಿತು ಹಸಿರು ಬಟ್ಟೆಯ ಕೆಳಗಿನ ದನಿ. ಹನ್ನೆರಡು ವರ್ಷದಲ್ಲಿ ಅವಳು ಅವನೊಡನೆ ನೇರವಾಗಿ ಆಡಿದ ಎರಡನೇ ಮಾತು ಅದು. 'ಎಂಟು ತಿಂಗಳು ಗೋಡೆ ಹಿಂದಿಂದ ನೋಡಿದ್ರಿ. ಇವತ್ತು ಬಟ್ಟೆ ಹಿಂದಿಂದ ಬೇಡ.'

ಪ್ರೊಸ್ಕೋವಿಯ ಅವನನ್ನು ನೋಡಿದಳು, ಅವಳನ್ನು ನೋಡಿದಳು, ಹತ್ತಿ ಸಾಲದು ತರ್ತೀನಿ ಎಂದು ಹೊರಗೆ ಹೋದಳು. ಹತ್ತಿ ಟ್ರೇಯಲ್ಲಿ ಬೇಕಾದಷ್ಟಿತ್ತು. ಮುಕೀಬಿ ಬಟ್ಟೆಯ ಅಂಚು ಹಿಡಿದು ನಿಂತ. ತೊಡೆಯ ಕೆಳಗೆ ಒತ್ತಿಟ್ಟ ಚಿಕ್ಕಪ್ಪನ ಕೈ, ಚೆಲ್ಲಿದ ಚಹಾ, ಕೆಸರಿನಿಂದ ಎದ್ದು ಬಂದ ಹೆಂಗಸಿನ ಮುಂಗೈ ಎಲ್ಲವೂ ಒಟ್ಟಿಗೆ ಬಂದು ಹೋದವು. ಬಟ್ಟೆ ಎಳೆದು ತೆಗೆದ.

ಮುಖ ಅಂದರೆ ಇಷ್ಟೇ ಆಗಿತ್ತು. ಅಗಲ ಹಣೆ, ಬಿರಾಬ್ವಳದೇ ಮೂಗು, ಮೇಲ್ದುಟಿಯ ಮೇಲೆ ಸಣ್ಣ ಗಾಯದ ಕಲೆ, ಎಂದೋ ಬಿದ್ದು ಮಾಡಿಕೊಂಡದ್ದು. ತನ್ನ ಮಗಳಿಗಿಂತ ಎಂಟೊಂಬತ್ತು ವರ್ಷ ದೊಡ್ಡವಳು, ಅಷ್ಟೇ. ಭೂಮಿ ಬಾಯಿ ಬಿಡಲಿಲ್ಲ. ಅವಳು ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಎಡಗಣ್ಣಿನಿಂದ ಅವನನ್ನು ನೋಡಿದಳು. ನೋಡಲು ಹೇಳಿದ್ದು ಅವನಲ್ಲ. ಅವಳೇ ನೋಡಿದಳು, ನಿಧಾನವಾಗಿ, ಪಾಠ ಒಪ್ಪಿಸುವವಳಂತೆ ಹೇಳುತ್ತಾ ಹೋದಳು.

'ನಿಮ್ಮ ಮೂಗು ಕಾಣ್ತದೆ. ಬಾಯಿ ಕಾಣ್ತದೆ. ಕಿವಿ ಇಲ್ಲ, ಹೆಗಲಿಲ್ಲ, ಸುತ್ತ ಹೊಗೆ. ಇಷ್ಟು ವರ್ಷ ಆದ್ಮೇಲೆ ಅಳಿಯನ ಮುಖ ನೋಡ್ತಿದೀನಿ, ಅದೂ ಅರ್ಧ.' ಅಂಗೈ ತೆಗೆಯದೆಯೇ ಕೇಳಿದಳು, 'ಇದು ವಾಪಸ್ ಬರ್ತದಾ?'

ಬರ್ತದೆ ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಹೋಗ್ತದೆ ಬಿಡು ಎಂದ ಅದೇ ನಾಲಿಗೆ.

'ಇಲ್ಲ ಅತ್ತೆ. ಹೋದದ್ದು ಬರಲ್ಲ. ಇರೋದನ್ನ ಉಳಿಸ್ಕೋಬಹುದು.'

ಅವಳು ತಲೆ ಆಡಿಸಿದಳು. ಅಳಲಿಲ್ಲ. ಅತ್ತಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಮಾಡಿ ಎಂದು ಬಲಗಣ್ಣು ಮುಚ್ಚಿದಳು. ಅವನು ಮರಗಟ್ಟಿಸುವ ಹನಿ ಹಾಕಿ, ನೂರು ಎಣಿಸಿ, ಎರಡು ಬೆರಳಲ್ಲಿ ಅವಳ ರೆಪ್ಪೆಗೂದಲು ಹಿಡಿದು ರೆಪ್ಪೆಯನ್ನು ಮೆಲ್ಲಗೆ ಮಗುಚಿದ. ಅಲ್ಲಿತ್ತು. ಬೆಳ್ಳಗೆ, ದುಂಡಗೆ, ನಡುವೆ ತಗ್ಗು, ಕೂದಲಿನ ಬುಡಕ್ಕೆ ಆತುಕೊಂಡು, ಎಂಟು ತಿಂಗಳಿಂದ ಯಾರಾದರೂ ನೋಡಲೆಂದು ಕಾದು ಕೂತಂತೆ. ಕನ್ನಡಿ ಹಿಡಿದು ಗಮನವಿಟ್ಟು ನೋಡಿದ್ದರೆ ಅವಳೇ ಕಂಡುಕೊಳ್ಳುತ್ತಿದ್ದಳು. ಮುಸಾವೊ ನೋಡಿ ಸ್ವಚ್ಛ ಅಂದಮೇಲೆ ಯಾರು ನೋಡಿಕೊಳ್ಳುತ್ತಾರೆ? ಸೂಜಿಯ ಮೊನೆಯಿಂದ ಚುಚ್ಚಿ, ಚಮಚದಿಂದ ಕೆರೆದ. ಮೊಸರಿನ ಗಟ್ಟಿಯಂಥದ್ದು ಹೊರಬಂತು, ಒಂದು ಹನಿ ರಕ್ತ ಬಂತು, ಹತ್ತಿಯಿಂದ ಒತ್ತಿ ಹಿಡಿದ. ಅವನ ಬೆರಳು ಒಮ್ಮೆಯೂ ಅಲುಗಲಿಲ್ಲ. ಅವನಿಗೆ ಅದರಿಂದ ಸಂತೋಷವಾಗಬೇಕಿತ್ತು. ಇಷ್ಟು ಸುಲಭವಿತ್ತಲ್ಲ ಎಂಬ ಸಂಕಟವಾಯಿತು. ಹತ್ತಿ ಒತ್ತಿ ಹಿಡಿದ ಕೈ ಹಾಗೇ ಇತ್ತು. ಅವನ ಕಣ್ಣಿಂದ ನೀರು ಇಳಿದು ಮೂಗಿನ ತುದಿಗೆ ಬಂತು, ಕೈ ಬಿಡುವಂತಿಲ್ಲವಾದ್ದರಿಂದ ಒರೆಸಿಕೊಳ್ಳಲೂ ಆಗಲಿಲ್ಲ.

ಹಾಸಿಗೆಯ ಮೇಲೆ ಎದ್ದು ಕೂತು ಅವಳು ಹಳದಿ ಬಟ್ಟೆಯನ್ನು ತಲೆಗೆ ಹೊದ್ದುಕೊಂಡಳು, ಆದರೆ ಮುಖ ಮುಚ್ಚಲಿಲ್ಲ. ಆಗ ಡಾಕ್ಟರ ಹತ್ತಿರ ನೀವು ಯಾಕೆ ಹಾಗೆ ಹೇಳಿದಿರಿ ಎಂದು ಅವನು ಕೇಳಿದ, ಅಥವಾ ಕೇಳಲು ಹೊರಟು ಅರ್ಧಕ್ಕೆ ನಿಲ್ಲಿಸಿದ.

'ಅಳಿಯನ ಮಾನ ಅತ್ತೆ ಕಾಯ್ಬೇಕು ಅಂತಾರೆ. ಕಾದೆ,' ಎಂದಳು. ಕಾಪಿ ಪುಸ್ತಕವನ್ನು ಅವನ ಕಡೆ ಚಾಚಿದಳು. 'ಈಗ ಓದಿ. ಮೂರೂ ಓದಿ.'

ಅವನು ಓದಿದ. ಏಳು ವರ್ಷದ ಮಗುವಿನ ಮುಂದೆ ಅಂದು ಮಂಡಿಯೂರಿದಾಗ ಕೇಳಿದ ನಗು ಈಗ ಇರಲಿಲ್ಲ. ತಾರೀಖು ಓದಿದ, ರೆಪ್ಪೆ ಮಗುಚಿ ನೋಡಿದೆ ಎಂದು ಓದಿದ, ಸ್ವಚ್ಛ ಎಂದು ಓದಿದ. ಮತ್ತೆ ತಾರೀಖು, ಮತ್ತೆ ಅದೇ. ಮೂರನೆಯದನ್ನೂ ಓದಿದ. ಕೊನೆಗೆ ಅವಳು, ನೋಡದೇ ಇದ್ದದ್ದನ್ನ ನೋಡಲಿಲ್ಲ ಅಂತ ಬರೀರಿ, ಹೆಸರು ಪೂರ್ತಿ ಹಾಕಿ, ಎಂದಳು. ನಾಳೆ ನಾನೂ ಮಕ್ಕಳ ಪುಸ್ತಕ ತಿದ್ದೋಳು, ತಪ್ಪಿದ್ರೆ ಮಗ್ಗುಲಲ್ಲೇ ಬರೆಸ್ತೀನಿ ಎಂದಳು. ಆ ಸೆನ್ಯೊಂಗನ ಅಮ್ಮ ಯಾರೋ ಏನೋ, ಅವಳಿಗ್ಯಾಕೆ ನಮ್ಮ ಮನೆ ಪಾಪ ಎಂದಳು. ಮುಕೀಬಿ ಕೈಗವಸು ಕಳಚಿ ಪೆನ್ನು ತೆಗೆದ. ಸೂಜಿಗೆ ನಡುಗದ ಕೈ ಪೆನ್ನಿಗೆ ನಡುಗಿತು. ಅಕ್ಷರ ಸೊಟ್ಟ ಬಂದವು, ಮೂರೂ ಕಡೆ. ಅವನ್ನು ತಿದ್ದಲು ಹೋಗಲಿಲ್ಲ. ನಾಲ್ಕನೆಯದಾಗಿ ಇವತ್ತಿನ ತಾರೀಖು ಹಾಕಿ, ರೆಪ್ಪೆ ಮಗುಚಿ ನೋಡಿದೆ ಎಂದು ಬರೆದು, ಕಂಡದ್ದನ್ನು ಬರೆದ.

ಆಪರೇಷನ್ ಕೋಣೆಯ ಮುಂದಿನ ಬೆಂಚಿನಲ್ಲಿ ಪೊರೆಯ ಮುದುಕರು ಹಣೆಗೆ ಪಟ್ಟಿ ಅಂಟಿಸಿಕೊಂಡು ಕೂತಿದ್ದರು. ಮುಕೀಬಿಯನ್ನು ಕಂಡು ಒಬ್ಬೊಬ್ಬರಾಗಿ ನಮಸ್ಕಾರ ಹೇಳಿದರು, ಮುಸಾವೊ ಬನ್ನಿ ಎಂದು ಸರಿದು ಜಾಗ ಕೊಟ್ಟರು. ಅವನು ಅವರ ನಡುವೆ ಕೂತ. ಬಲಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಿದ್ದಾನೆಂದು ಗಮನಕ್ಕೆ ಬಂದಾಗ ಹೊರತೆಗೆದು, ನಸ್ಸೂನ ಅವನ ಕೈಗೇ ಬಿಟ್ಟುಹೋದ ಪುಸ್ತಕದ ಮೇಲಿಟ್ಟ. ಹೊರಗೆ ಹಲಸಿನ ಮರದ ಕೆಳಗೆ ಹಳದಿ ಬಟ್ಟೆ ಕಾಣುತ್ತಿತ್ತು. ಎಡಗಡೆಯಿಂದ ಬಂದ ಬಾಡಿಗೆಯ ಬೋಡಾ ಬೈಕು ಕಾಣದೆ ಅವಳು ಅಡ್ಡ ಹೆಜ್ಜೆ ಇಟ್ಟಳು, ಸವಾರ ಗಕ್ಕನೆ ಬ್ರೇಕು ಹಾಕಿ ಬೈದ, ಅವಳು ಇಡೀ ತಲೆ ತಿರುಗಿಸಿ ನೋಡಿ ಮುಂದೆ ಹೋದಳು. ಇನ್ನು ಮೇಲೆ ಪ್ರತಿ ರಸ್ತೆಯನ್ನೂ ಅವಳು ಹಾಗೇ ದಾಟಬೇಕು. ಮುಕೀಬಿ ಕತ್ತು ಆಚೆ ತಿರುಗಿಸಲಿಲ್ಲ, ಅವಳು ಬಾಳೆತೋಟದ ತಿರುವಿನಲ್ಲಿ ಮರೆಯಾಗುವ ತನಕ ನೋಡಿದ.

ಬಾಗಿಲು ತೆರೆದು ಲಮುನು ಮುಖದ ಮಾಸ್ಕ್ ಕೆಳಗೆಳೆದುಕೊಂಡು ಹೊರಬಂದಳು. ಗುಳ್ಳೆ ತೆಗೆದಿರಾ ಎಂದು ಕೇಳಿದಳು. ತೆಗೆದೆ ಎಂದು ಅವನು ಎದ್ದು ನಿಂತು ಕಾಪಿ ಪುಸ್ತಕವನ್ನು ಮುಂದೆ ಚಾಚಿದ. ಹಾಳೆಗಳು ಗಾಳಿಯಿಲ್ಲದೆ ಅಲುಗುತ್ತಿದ್ದವು. ಬೆಂಚಿನ ಮುದುಕರು ಅವನ ಕೈ ನೋಡಿದರು, ಒಬ್ಬ ಪಕ್ಕದವನ ಮೊಣಕೈ ತಿವಿದ. ಅವನು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

'ಈ ಅಕ್ಷರ ನಂದು ಡಾಕ್ಟ್ರೇ,' ಎಂದ.